ಕುಮಾರಪರ್ವತ ಹತ್ತಿದವರು ಮ್ಯಾಟರ್‌ಹಾರ್ನ್ ಹತ್ತಬಹುದೇ?

ಕುಮಾರಪರ್ವತವನ್ನು ಒಂದೇ ದಿನದಲ್ಲಿ ಹತ್ತಿಳಿದಿದ್ದೀರಿ, ಮ್ಯಾಟರ್‌ಹಾರ್ನ್ ತುದಿ ಮುಟ್ಟಲು ಅಷ್ಟು ದಮ್ಮು ಸಾಕೇ ಅಂತ ಕೇಳಿದ್ದೀರಿ. ನಾನೂ ಮೊದಲು ಇದೇ ಲೆಕ್ಕ ಹಾಕುತ್ತಿದ್ದೆ. ಲೆಕ್ಕವೇ ತಪ್ಪು. ತುದಿಯನ್ನು ಬಿಡಿ, ಇಳಿಯೋದು ಹೇಗೆ ಅಂತ ಕೇಳಿ.

4,478 ಮೀಟರ್ ಎತ್ತರದ ಈ ಶಿಖರ ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಗಡಿಯಲ್ಲಿದೆ. ಇಂಗ್ಲೆಂಡಿನ ಪರ್ವತಾರೋಹಿ ಎಡ್ವರ್ಡ್ ವಿಂಪರ್ ವರ್ಷಗಟ್ಟಲೆ ಇಟಲಿ ಕಡೆಯಿಂದ ಹತ್ತಲು ಹೋಗಿ ಸೋತ. ಅಲ್ಲಿ ಬಂಡೆಯ ಪದರಗಳು ಹೊರಕ್ಕೆ ವಾಲಿವೆ. ಸ್ವಿಟ್ಜರ್ಲೆಂಡ್ ಕಡೆಯ ಜೆರ್ಮಾಟ್ ಊರಿನಿಂದ ನೋಡಿದರೆ ಕಡಿದಾಗಿ ಕಾಣುವ ಹೋರ್ನ್ಲಿ ರಿಡ್ಜ್ ಎಂಬ ಏಣಿನಲ್ಲಿ ಅವೇ ಪದರಗಳು ಒಳಕ್ಕೆ ವಾಲಿ ಮೆಟ್ಟಿಲಾಗಿವೆ. 1865ರ ಜುಲೈ 14ರಂದು ವಿಂಪರ್ ಸೇರಿ ಏಳು ಜನ ಅಲ್ಲಿಂದಲೇ ಮೊದಲ ಬಾರಿಗೆ ತುದಿ ಹತ್ತಿದರು.

ಇಳಿಯುವಾಗ ಏಳೂ ಜನ ಹಗ್ಗದಿಂದ ಒಬ್ಬರಿಗೊಬ್ಬರು ಕಟ್ಟಿಕೊಂಡಿದ್ದರು. ಎಲ್ಲರಿಗಿಂತ ಕೆಳಗೆ ಇದ್ದವನು ಗೈಡ್ ಮಿಶೆಲ್ ಕ್ರೋ. ಅವನ ಮೇಲೆ 19ರ ಹ್ಯಾಡೋ, ತಂಡದಲ್ಲೇ ಅನುಭವ ಕಡಿಮೆ. ನಂತರ ಹಡ್ಸನ್, ಡಗ್ಲಸ್, ಹಿರಿಯ ಟೌಗ್‌ವಾಲ್ಡರ್, ವಿಂಪರ್, ಕೊನೆಗೆ ಹಿರಿಯನ ಮಗ ಕಿರಿಯ ಟೌಗ್‌ವಾಲ್ಡರ್. ಕ್ರೋ ಕೊಡಲಿ ಬದಿಗಿಟ್ಟು ಹ್ಯಾಡೋನ ಪಾದ ಹಿಡಿದು ಒಂದೊಂದಾಗಿ ಬಂಡೆಯ ಮೇಲೆ ಇಡಿಸುತ್ತಿದ್ದ. ತಾನು ಇಳಿಯಲು ತಿರುಗುವಷ್ಟರಲ್ಲಿ ಹ್ಯಾಡೋ ಜಾರಿ ಅವನ ಮೇಲೇ ಬಿದ್ದ. ಹಗ್ಗದ ಎಳೆತಕ್ಕೆ ಹಡ್ಸನ್, ಡಗ್ಲಸ್ ಕೂಡ ಕಿತ್ತುಬಂದರು. ಡಗ್ಲಸ್ ಮತ್ತು ಹಿರಿಯ ಟೌಗ್‌ವಾಲ್ಡರ್ ನಡುವೆ ಹಗ್ಗ ಹರಿಯಿತು, ನಾಲ್ವರು ಸತ್ತರು.

ಹರಿದದ್ದು ತಂಡದ ಬಳಿಯಿದ್ದ ಮೂರು ಬಗೆಯ ಹಗ್ಗಗಳಲ್ಲಿ ಅತಿ ದುರ್ಬಲವಾದದ್ದು, ಬಂಡೆಗೆ ಕಟ್ಟಿ ಬಿಟ್ಟುಬರಲು ತಂದದ್ದು. ಜನ ಹಗ್ಗದ ಬಗ್ಗೆಯೇ ವಾದ ಮಾಡುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ತಪ್ಪು ಸಾಲಿನದು. ಇಳಿಯುವಾಗ ಹೊಸಬ ಕೆಳಗಿರಬೇಕು, ಗಟ್ಟಿಗ ಅವನ ಮೇಲಿರಬೇಕು. ಆಗ ಜಾರಿದವನನ್ನು ಬಿಗಿ ಹಗ್ಗದಲ್ಲಿ ತಕ್ಷಣ ತಡೆಯಬಹುದು. ಗಟ್ಟಿಗನೇ ಕೆಳಗಿದ್ದರೆ ಬೀಳುವವನು ಮೊದಲು ಬಡಿಯೋದು ಅವನಿಗೇ. ಅಂದು ಆದದ್ದು ಇದೇ. ಹಗ್ಗ ಸಡಿಲವಿದ್ದರಂತೂ ಜಾರಿದವನಿಗೆ ವೇಗ ಬಂದಮೇಲೆಯೇ ಎಳೆತ ತಾಗುತ್ತದೆ, ಆಗ ಮೇಲಿನವರೂ ಕಿತ್ತು ಬರುತ್ತಾರೆ. ಇವತ್ತು ಹೋರ್ನ್ಲಿಯಲ್ಲಿ ಒಬ್ಬ ಗೈಡ್‌ಗೆ ಒಬ್ಬರೇ, ಇಳಿಯುವಾಗ ಗೈಡ್ ಮೇಲೆ.

3,260 ಮೀಟರ್‌ನಲ್ಲಿರುವ ತಂಗುಮನೆ ಹೋರ್ನ್ಲಿ ಹಟ್‌ನಿಂದ ನಸುಕಿಗೆ ಮುಂಚೆಯೇ ಹೊರಡಬೇಕು. ಹತ್ತಲು ನಾಲ್ಕೈದು ಗಂಟೆ, ಇಳಿಯಲೂ ಅಷ್ಟೇ. ಬಹುಪಾಲು ಕೈಕಾಲು ಊರಿಯೇ ಇಳಿಯಬೇಕು. 4,003 ಮೀಟರ್‌ನ ಸೊಲ್ವೇ ಹಟ್ ತುರ್ತಿಗೆ ಮಾತ್ರ, ರಾತ್ರಿ ತಂಗುವ ಪ್ಲಾನ್‌ನಲ್ಲಿ ಅದನ್ನು ಸೇರಿಸಬೇಡಿ. ಅಲ್ಲಿಗೇ ಮೂರು ಗಂಟೆ ಹಿಡಿದರೆ ವಾಪಸ್ ಬನ್ನಿ. ಬಿಸಿಲೇರಿದಂತೆ ಕಲ್ಲುಗಳು ಸಡಿಲವಾಗುತ್ತವೆ. 2003ರ ಜುಲೈನಲ್ಲಿ ಬಂಡೆ ಕುಸಿದು ದಾರಿಯನ್ನೇ ಮುಚ್ಚಿದ್ದರು.

ಈ ವರ್ಷ ಮ್ಯಾಟರ್‌ಹಾರ್ನ್ ಬೇಡ. ಅದೇ ಸುತ್ತಿನ ಶಿಖರಗಳಾದ ರಿಫೆಲ್‌ಹಾರ್ನ್ ಮೊದಲು, ಆಮೇಲೆ ಪೊಲುಕ್ಸ್ ಹತ್ತಿ, ಬೂಟಿಗೆ ಕಟ್ಟುವ ಮೊಳೆಪಟ್ಟಿ ಕ್ರ್ಯಾಂಪಾನ್ ಹಾಕಿಕೊಂಡು ಬಂಡೆ ಇಳಿಯೋದು ಕಲಿಯಿರಿ.