ಓದುಗರ ಪ್ರಶ್ನೆಗಳು: ಬೆಟ್ಟದಂಚಿನ ಕೋಳಿಗೆ ಕಾವಲು

ಪ್ರಶ್ನೆ: ನಮ್ಮ ಮನೆ ಶಿರಸಿ ತಾಲ್ಲೂಕಿನಲ್ಲಿ ತೋಟಕ್ಕೆ ಸೊಪ್ಪು ತರುವ ಕಾಡಿಗೆ, ಅಂದರೆ ಸೊಪ್ಪಿನ ಬೆಟ್ಟಕ್ಕೆ, ತಾಗಿಕೊಂಡಿದೆ. ನಾಟಿಕೋಳಿಗಳನ್ನು ಹಗಲು ತೋಟದಲ್ಲಿ, ಅಂಗಳದಲ್ಲಿ ಮೇಯಲು ಬಿಟ್ಟು ರಾತ್ರಿ ಗೂಡಿಗೆ ಕೂಡುತ್ತೇವೆ. ಗೂಡಿಗೆ ಅಡಿಕೆ ದಬ್ಬೆಯ ಚೌಕಟ್ಟು, ಸುತ್ತಲೂ ಕೋಳಿ ಜಾಲರಿ, ಮೇಲೆ ಹೆಂಚು. ಮಳೆಗಾಲ ಹಿಡಿದ ಮೇಲೆ ಕೋಳಿಗಳು ಒಂದೊಂದಾಗಿ ಕಡಿಮೆಯಾದವು. ಕಳೆದ ವಾರ ಒಂದೇ ರಾತ್ರಿ ಏಳು ಕೋಳಿಗಳು ಗೂಡಿನೊಳಗೇ ಸತ್ತು ಬಿದ್ದಿದ್ದವು. ತಲೆ, ಕುತ್ತಿಗೆ ಕಡಿದಿತ್ತು, ಮಾಂಸ ಹೆಚ್ಚೇನೂ ತಿಂದಿರಲಿಲ್ಲ. ಉರುಳು ಹಾಕಿ ಎಂದು ಕೆಲವರು, ಬೇಲಿಗೆ ಕರೆಂಟು ಕೊಡಿ ಎಂದು ಕೆಲವರು ಹೇಳುತ್ತಿದ್ದಾರೆ. ಏನು ಮಾಡುವುದು?

ಉತ್ತರ: ಉರುಳು ಮತ್ತು ಕರೆಂಟು, ಈ ಎರಡನ್ನೂ ದಯವಿಟ್ಟು ಮನಸ್ಸಿನಿಂದ ತೆಗೆದುಹಾಕಿ. ಮನೆಯ ಲೈನಿನಿಂದ ನೇರವಾಗಿ ಬೇಲಿಗೆ ವಿದ್ಯುತ್ ಹರಿಸುವುದು ಕಾನೂನಿಗೆ ವಿರುದ್ಧ. ಒದ್ದೆ ನೆಲದಲ್ಲಿ ಅದು ಮೊದಲು ಬಲಿ ತೆಗೆದುಕೊಳ್ಳುವುದು ಸೊಪ್ಪಿಗೆ ಹೊರಟ ಆಳನ್ನೋ, ಮೇಯಲು ಬಿಟ್ಟ ದನವನ್ನೋ, ನಿಮ್ಮ ಮನೆಯ ಮಗುವನ್ನೋ ಆಗಬಹುದು. ನಮ್ಮ ಭಾಗದಲ್ಲಿ ಕೋಳಿಗೆ ಬರುವ ಪುನುಗಿನ ಬೆಕ್ಕು, ಕಬ್ಬೆಕ್ಕು, ಕಾಡುಬೆಕ್ಕು, ಮುಂಗುಸಿ, ನರಿ, ಚಿರತೆ, ಹೆಬ್ಬಾವುಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಅವುಗಳನ್ನು ಕೊಲ್ಲುವುದೂ ಬಲೆ ಹಾಕಿ ಹಿಡಿಯುವುದೂ ಶಿಕ್ಷಾರ್ಹ. ಉರುಳಿಗೆ ಬೇಕಾದದ್ದು ಬೇಡವಾದದ್ದು ಎಂಬ ಭೇದವಿಲ್ಲ. ಸತ್ತ ಕೋಳಿಗೆ ವಿಷ ಸವರಿ ಇಡುವುದಂತೂ ಊರಿನ ನಾಯಿ, ಕಾಗೆ, ಹದ್ದುಗಳಿಗೆಲ್ಲ ಕೇಡು. ಇಷ್ಟೆಲ್ಲ ಮಾಡಿ ಒಂದು ಪ್ರಾಣಿಯನ್ನು ಇಲ್ಲವಾಗಿಸಿದರೂ ಬೆಟ್ಟದಲ್ಲಿ ತೆರವಾದ ಜಾಗಕ್ಕೆ ಕೆಲವೇ ದಿನಗಳಲ್ಲಿ ಇನ್ನೊಂದು ಬರುತ್ತದೆ, ಅದು ಒಳನುಗ್ಗಿದ ಸಂದು ಮಾತ್ರ ನಿಮ್ಮ ಗೂಡಿನಲ್ಲಿ ಹಾಗೆಯೇ ಇರುತ್ತದೆ. ಆದ್ದರಿಂದ ಸರಿಪಡಿಸಬೇಕಾದದ್ದು ಗೂಡನ್ನು.

ನೀವು ಬರೆದ ಗುರುತುಗಳನ್ನು ನೋಡಿದರೆ ಇದು ಪುನುಗಿನ ಬೆಕ್ಕಿನ ಅಥವಾ ಕಬ್ಬೆಕ್ಕಿನ ಕೆಲಸವಿರಬೇಕು ಎನಿಸುತ್ತದೆ. ಏಳನ್ನು ಕೊಂದು ತಿನ್ನದೆ ಬಿಟ್ಟಿತಲ್ಲ ಎಂದು ನೊಂದುಕೊಂಡಿದ್ದೀರಿ. ಬಯಲಿನಲ್ಲಿ ಒಂದನ್ನು ಹಿಡಿದರೆ ಉಳಿದವು ಹಾರಿ ಓಡುವುದರಿಂದ ಬೇಟೆ ಅಲ್ಲಿಗೇ ಮುಗಿಯುತ್ತದೆ. ಮುಚ್ಚಿದ ಗೂಡಿನಲ್ಲಿ ಓಡಲು ದಾರಿಯಿಲ್ಲದ ಕೋಳಿಗಳು ಎದುರಿಗೇ ರೆಕ್ಕೆ ಬಡಿಯುತ್ತಿರುವವರೆಗೂ ಆ ಪ್ರಾಣಿಗೆ ಕಚ್ಚುವ ಪ್ರಚೋದನೆ ಉಂಟಾಗುತ್ತಲೇ ಇರುತ್ತದೆ. ಕತ್ತಲೆಯಲ್ಲಿ ಕೋಳಿಗೆ ಕಣ್ಣು ಕಾಣುವುದು ತೀರ ಕಡಿಮೆಯಾದ್ದರಿಂದ ಅದು ಪ್ರತಿಭಟಿಸುವುದೂ ಇಲ್ಲ.

ಆದರೂ ನಮ್ಮ ಊಹೆಯನ್ನಷ್ಟೇ ನಂಬಬೇಡಿ, ಗುರುತುಗಳನ್ನು ನೀವೇ ಒಮ್ಮೆ ಪರಿಶೀಲಿಸಿ. ಬೆಳಕಿರುವಾಗಲೇ ಕುತ್ತಿಗೆಗೆ ಬಾಯಿ ಹಾಕುವುದು, ಮೊಟ್ಟೆ ಒಡೆದು ತಿನ್ನುವುದು ಮುಂಗುಸಿಯ ರೀತಿ. ನಸುಕಿನಲ್ಲಿ ಅಥವಾ ಮುಸ್ಸಂಜೆಯಲ್ಲಿ ಇಡೀ ಕೋಳಿಯೇ ಮಾಯವಾಗಿ, ಪೊದೆಯ ಕಡೆಗೆ ಪುಕ್ಕದ ಜಾಡು ಉಳಿದಿದ್ದರೆ ಕಾಡುಬೆಕ್ಕನ್ನೋ ನರಿಯನ್ನೋ ಶಂಕಿಸಬೇಕು. ಹಲವು ಕೋಳಿಗಳು ಅಂಗಳದ ತುಂಬ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದರೆ ಅದು ಹೆಚ್ಚಾಗಿ ಬೀದಿನಾಯಿಗಳ ಹಾವಳಿ. ಕಾಡುಪ್ರಾಣಿಯ ಮೇಲೆ ಹೊರಿಸುವ ಎಷ್ಟೋ ದೂರುಗಳು ನಿಜವಾಗಿ ನಾಯಿಗಳಿಗೆ ಸೇರಿದವು. ಮರಿಗಳನ್ನು ಬಿಲದೊಳಗೆ ಎಳೆದೊಯ್ಯುವುದು ಹೆಗ್ಗಣ. ಇನ್ನೊಂದು ಮಾತು: ರೋಗದಿಂದ ಸತ್ತ ಕೋಳಿಯನ್ನು ಆಮೇಲೆ ಬಂದ ಮುಂಗುಸಿ ತಿಂದಿರುವುದೂ ಉಂಟು. ಗಾಯದ ಸುತ್ತ ಚರ್ಮ ಬಿಡಿಸಿ ನೋಡಿ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಜೀವವಿದ್ದಾಗಲೇ ಕಚ್ಚಿದ್ದು, ಹಾಗಿಲ್ಲದಿದ್ದರೆ ಪಶುವೈದ್ಯರನ್ನು ಕಾಣಬೇಕಾದ ಪ್ರಸಂಗ.

ಈಗ ಗೂಡಿನ ವಿಷಯ. ನಿಮ್ಮ ಗೂಡಿನ ಮೊದಲ ದೌರ್ಬಲ್ಯವೆಂದರೆ ಆ ಜಾಲರಿ. ಅಂಗಡಿಯಲ್ಲಿ ಕೋಳಿ ಜಾಲರಿ ಎಂದು ಕೊಡುವ ಆರು ಮೂಲೆಯ ಕಣ್ಣಿನ ತೆಳು ತಂತಿ ಕೋಳಿ ಹೊರಹೋಗದಂತೆ ತಡೆಯುತ್ತದೆಯೇ ಹೊರತು ನಾಯಿಯನ್ನಾಗಲಿ ಕಾಡುಬೆಕ್ಕನ್ನಾಗಲಿ ತಡೆಯುವಷ್ಟು ಗಟ್ಟಿಯಲ್ಲ, ಅದರ ಕಣ್ಣಿನಲ್ಲಿ ಇಲಿ, ಹಾವುಗಳಿಗೆ ಸಲೀಸಾದ ದಾರಿಯೂ ಇರುತ್ತದೆ. ಅರ್ಧ ಇಂಚು ಚೌಕ ಕಣ್ಣಿನ ವೆಲ್ಡ್ ಮೆಶ್ (ಬೆಸೆದ ತಂತಿಯ ಜಾಲರಿ) ತನ್ನಿ. ಬೆಲೆ ಹೆಚ್ಚು, ನಿಜ. ಸುತ್ತಲೂ ಹಾಕಲು ಹಣ ಸಾಲದಿದ್ದರೆ ನೆಲದಿಂದ ಮೂರು ಅಡಿಯವರೆಗೆ ಚಿರೆಕಲ್ಲಿನ ಗೋಡೆ ಎತ್ತಿ, ಗಾಳಿಯಾಡುವ ಮೇಲ್ಭಾಗಕ್ಕೆ ಮಾತ್ರ ಈ ಜಾಲರಿ ಬಳಸಿ. ಅದನ್ನು ಮರಕ್ಕೆ ಬರಿಯ ಮೊಳೆಯಿಂದ ಬಡಿದರೆ ಎಳೆದಾಗ ಕಿತ್ತುಬರುತ್ತದೆ, ಮೇಲೊಂದು ರೀಪು ಒತ್ತಿ ಸ್ಕ್ರೂ ಹಾಕಬೇಕು. ಕಾರವಾರ, ಅಂಕೋಲಾ, ಹೊನ್ನಾವರದ ಕಡಲ ಬದಿಯವರು ಉಪ್ಪು ಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ ಎಂಬುದನ್ನು ನೆನಪಿಟ್ಟು, ಪ್ಲಾಸ್ಟಿಕ್ ಹೊದಿಕೆಯ ಜಾಲರಿಯನ್ನು ಆರಿಸುವುದು ಲೇಸು.

ನೆಲ ಮಣ್ಣಿನದಾಗಿದ್ದರೆ ಜಾಲರಿಯ ಕೆಳ ಅಂಚನ್ನು ಒಂದೂವರೆ ಅಡಿಯಷ್ಟು ಹೊರಮುಖವಾಗಿ ಬಗ್ಗಿಸಿ, ಮೇಲೆ ಮಣ್ಣು ಮುಚ್ಚಿ ಕಲ್ಲು ಹೇರಿ. ಕೆರೆಯುವ ಪ್ರಾಣಿ ಗೋಡೆಯ ಬುಡದಲ್ಲೇ ಕೆರೆಯುತ್ತದೆ, ಕಾಲಡಿಯಲ್ಲಿ ತಂತಿ ಸಿಕ್ಕಾಗ ಹಿಂದೆ ಸರಿದು ತೋಡಬೇಕೆಂಬುದು ಅದಕ್ಕೆ ಹೊಳೆಯುವುದಿಲ್ಲ. ಗೂಡನ್ನು ಕಂಬದ ಮೇಲೆ ಎತ್ತರಿಸುವವರು ಪ್ರತಿ ಕಂಬಕ್ಕೂ ನುಣುಪಾದ ತಗಡನ್ನು ಒಂದೂವರೆ ಅಡಿ ಅಗಲದ ಪಟ್ಟಿಯಾಗಿ ಸುತ್ತಬೇಕು.

ಎರಡನೆಯ ದೌರ್ಬಲ್ಯ ಹೆಂಚು, ಮತ್ತು ನಿಮ್ಮ ಏಳು ಕೋಳಿಗಳು ಹೋದದ್ದು ಬಹುಶಃ ಇಲ್ಲಿಂದಲೇ. ಮರ ಹತ್ತುವುದರಲ್ಲಿ ನಿಪುಣವಾದ ಕಬ್ಬೆಕ್ಕು ಮಾಡಿನ ಮೇಲೆ ನಡೆದು, ಸಡಿಲವಾದ ಹೆಂಚನ್ನು ಸರಿಸಿ ಒಳಗಿಳಿಯಬಲ್ಲದು. ಹೆಂಚಿನ ಕೆಳಗೆ ಪಕಾಸಿಗೆ ತಾಗಿ ಅದೇ ಜಾಲರಿಯನ್ನು ಪೂರ್ತಿಯಾಗಿ ಹಾಸಿ, ಗೋಡೆ ಮತ್ತು ಮಾಡು ಕೂಡುವ ಸಂದನ್ನೂ ಮುಚ್ಚಿ. ಗೂಡಿನ ಮೇಲೆ ಬಾಗಿದ ಹಲಸು, ಪೇರಲೆಯ ಕೊಂಬೆಗಳನ್ನು ಕಡಿಯಿರಿ. ಹತ್ತಿರದ ಕಲ್ಲಿನ ಮೇಲೋ ಕಟ್ಟೆಯ ಮೇಲೋ ಬೈನೆ ಮರದ ಬೀಜ ತುಂಬಿದ ಹಿಕ್ಕೆ ಕಂಡರೆ ಅದು ಕಬ್ಬೆಕ್ಕಿನ ಗುರುತು. ಅದರ ಆಹಾರದ ಬಹುಪಾಲು ಹಣ್ಣೇ ಆಗಿದ್ದು, ಕೋಳಿ ಸಿಕ್ಕಾಗಿನ ತಿನಿಸು.

ಮೂರನೆಯದು ಬಾಗಿಲು. ಹಗ್ಗ ಕಟ್ಟುವುದು, ಹಲಗೆ ಒರಗಿಸುವುದು ಸಾಲದು. ಅಗುಳಿ ಹಾಕಿ, ಅದಕ್ಕೊಂದು ಕೊಕ್ಕೆಯನ್ನೂ ಸೇರಿಸಿ. ನಿಮ್ಮ ಪತ್ರದಲ್ಲಿ ಗೂಡು ಮುಚ್ಚುವ ಹೊತ್ತನ್ನು ಬರೆದಿಲ್ಲ, ನಮಗೆ ಅದೇ ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಮಳೆಗಾಲದಲ್ಲಿ ಮೋಡ ಕವಿದು ಬೇಗ ಕತ್ತಲಾಗುತ್ತದೆ, ಮನೆಯವರು ಕೊಟ್ಟಿಗೆಯ ಕೆಲಸದಲ್ಲಿರುತ್ತಾರೆ, ಮಳೆಯ ಸದ್ದಿನಲ್ಲಿ ಕೋಳಿಯ ಕೂಗು ಜಗುಲಿಯವರೆಗೂ ಕೇಳುವುದಿಲ್ಲ. ದಿನವೂ ಒಂದೇ ಹೊತ್ತಿಗೆ, ಸೂರ್ಯ ಮುಳುಗುವ ಮೊದಲೇ, ಗೂಡಿನ ಒಳಗೇ ಒಂದು ಹಿಡಿ ಭತ್ತವನ್ನೋ ನುಚ್ಚನ್ನೋ ಚೆಲ್ಲುವ ರೂಢಿ ಮಾಡಿದರೆ ಹಿಂಡು ತಾನಾಗಿ ಬಂದು ಸೇರುತ್ತದೆ. ಆಗ ಎಣಿಸಿ ಮುಚ್ಚಿ. ಬೆಳಿಗ್ಗೆ ಚೆನ್ನಾಗಿ ಬೆಳಕು ಹರಿದ ಮೇಲೆ ಬಿಡಿ. ಇರಚಲು ಬಾರದಿರಲಿ ಎಂದು ಗೂಡನ್ನು ಟಾರ್ಪಾಲಿನಿಂದ ಪೂರ್ತಿ ಸುತ್ತುವುದನ್ನು ಮಾತ್ರ ನಾವು ಒಪ್ಪುವುದಿಲ್ಲ. ಅದು ಯಾವ ಪ್ರಾಣಿಯನ್ನೂ ತಡೆಯದು, ಒಳಗೆ ಹಿಕ್ಕೆಯ ಘಾಟು ಮತ್ತು ತೇವ ನಿಂತು ಕೋಳಿಗಳಿಗೆ ಉಸಿರಿನ ರೋಗ ತರುತ್ತದೆ.

ಇಷ್ಟಾದ ಮೇಲೂ ಬೇಲಿಗೆ ವಿದ್ಯುತ್ ಬೇಕೆನಿಸಿದರೆ ಬ್ಯಾಟರಿ ಅಥವಾ ಸೌರಶಕ್ತಿಯಿಂದ ಕ್ಷಣಮಾತ್ರದ ಮಿಡಿತವನ್ನಷ್ಟೇ ಕೊಡುವ, ಅದಕ್ಕೆಂದೇ ತಯಾರಾದ ಸಾಧನವನ್ನು ಬಳಸಬಹುದು. ಆದರೆ ಮಳೆಗಾಲದಲ್ಲಿ ಹುಲ್ಲು ಬೆಳೆದು ತಂತಿಗೆ ತಾಗಿದರೆ ಅದರ ಬಲ ಇಳಿಯುವುದರಿಂದ, ಹುಲ್ಲು ಸವರುವ ಕೆಲಸಕ್ಕೆ ಬಿಡುವಿದ್ದವರು ಮಾತ್ರ ಅದಕ್ಕೆ ಹಣ ಹಾಕಲಿ.

ಪ್ರಶ್ನೆ: ನಾವು ಅಂಕೋಲಾದ ಕರಾವಳಿಯವರು. ನಮ್ಮಲ್ಲಿ ರಾತ್ರಿಯ ಕಾಟವಿಲ್ಲ. ಹಗಲೇ ಹದ್ದು, ಕಾಗೆಗಳು ಮರಿಗಳನ್ನು ಎತ್ತಿಕೊಂಡು ಹೋಗುತ್ತವೆ. ಹಳೆಯ ಮೀನುಬಲೆ ಹೊದಿಸಿದರೆ ಆದೀತೇ?

ಉತ್ತರ: ಆಗುತ್ತದೆ, ಆದರೆ ಕಟ್ಟುವ ರೀತಿ ಸರಿಯಿರಬೇಕು. ಬಲೆಯನ್ನು ಗೂಟಗಳ ಮೇಲೆ ಆಳೆತ್ತರದಲ್ಲಿ ಬಿಗಿಯಾಗಿ ಎಳೆದು ಕಟ್ಟಿ, ನೆಲದ ಮೇಲೆ ಜೋತುಬೀಳಲು ಬಿಡಬೇಡಿ. ನೆಲಕ್ಕೆ ಬಿದ್ದ ನೈಲಾನ್ ಬಲೆಯಲ್ಲಿ ಕೇರೆ, ನಾಗರ, ಹೆಬ್ಬಾವುಗಳು ಸಿಕ್ಕಿ, ಹೊರಬರಲು ಹೆಣಗಿದಷ್ಟೂ ಬಿಗಿದುಕೊಂಡು ಸಾಯುತ್ತವೆ. ಬಿಡಿಸಲು ಹೋದವರಿಗೂ ಅಪಾಯ.

ಮರಿಗಳನ್ನು ಮೊದಲ ಎರಡು ತಿಂಗಳು ಇಂಥ ಮೇಲ್ಹೊದಿಕೆಯ ಆವರಣದಲ್ಲೇ ತಾಯಿಯೊಡನೆ ಬೆಳೆಸಿ. ಹದ್ದು ಎಂದು ನೀವು ಬರೆದಿದ್ದರೂ ಮರಿಗಳ ಮೇಲೆ ಹೆಚ್ಚಾಗಿ ಎರಗುವುದು ಅದಕ್ಕಿಂತ ಚಿಕ್ಕದಾದ ಬಿಜ್ಜು ಎಂಬ ಬೇಟೆಹಕ್ಕಿ. ಅದು ಮರದ ಎಲೆಗಳ ನಡುವೆ ಕುಳಿತಿದ್ದು, ತಗ್ಗಿನಲ್ಲಿ ಹಾರಿ ಬರುತ್ತದೆ. ಬಿಜ್ಜು ಗೂಡು ಕಟ್ಟಿ ಮರಿಗಳಿಗೆ ಉಣಿಸುವುದು ಬೇಸಿಗೆಯಲ್ಲಿ, ಆದ್ದರಿಂದ ಆ ತಿಂಗಳುಗಳಲ್ಲಿ ಕಾವಲು ಹೆಚ್ಚಿರಲಿ. ಮೀನು ಕೊಯ್ದ ಕಸವನ್ನು ಅಂಗಳದ ಬದಿಗೆ ಎಸೆಯುವ ರೂಢಿಯಿದ್ದರೆ ಅದನ್ನು ನಿಲ್ಲಿಸಿ. ಗರುಡ, ಹದ್ದು, ಕಾಗೆಗಳು ಅದಕ್ಕೆಂದೇ ಬಂದು, ಮರಿಗಳನ್ನೂ ಕಾಣುತ್ತವೆ.

ದೊಡ್ಡ ಕೋಳಿಗಳಿಗೆ ಬಯಲಿನಲ್ಲಿ ಅಡಗಲು ಆಸರೆ ಬೇಕು. ತೆಂಗಿನ ಮಡಲಿನ ತಟ್ಟಿಯನ್ನು ಮೊಣಕಾಲೆತ್ತರದ ಗೂಟಗಳ ಮೇಲೆ ಅಲ್ಲಲ್ಲಿ ಹಾಸಿಡಿ. ಬೇಲಿಯ ಕವಳಿ ಮಟ್ಟಿಯೂ ಒಳ್ಳೆಯ ಆಸರೆಯೇ, ಆದರೆ ಮುಂಗುಸಿಗೂ ಅದು ಮರೆಯಾಗುವುದರಿಂದ ಗೂಡಿನ ಸುತ್ತ ಹದಿನೈದು ಅಡಿಯಷ್ಟು ಜಾಗವನ್ನು ಬೋಳಾಗಿಟ್ಟು, ಆಚೆಗೆ ಪೊದೆ ಬೆಳೆಯಲು ಬಿಡಿ. ಹಿಂಡಿನಲ್ಲಿ ಚುರುಕಾದ ಒಂದು ಹುಂಜವಿರಲಿ. ಆಕಾಶದ ವೈರಿಗೊಂದು ಕೂಗು, ನೆಲದ ವೈರಿಗೊಂದು ಕೂಗು ಎಂದು ಅದು ಬೇರೆಬೇರೆಯಾಗಿ ಎಚ್ಚರಿಸುತ್ತದೆ, ಹೇಂಟೆಗಳು ಅದನ್ನು ತಿಳಿದು ಒಂದಕ್ಕೆ ಅಡಗುತ್ತವೆ, ಇನ್ನೊಂದಕ್ಕೆ ತಲೆಯೆತ್ತಿ ನಿಲ್ಲುತ್ತವೆ. ಮನೆಯ ಸುತ್ತ ಕಾಜಾಣ ಗೂಡು ಕಟ್ಟಿದ್ದರೆ ಆ ಮರವನ್ನು ಕಾಪಾಡಿ. ತನಗಿಂತ ಎಷ್ಟೋ ದೊಡ್ಡ ಬೇಟೆಹಕ್ಕಿಯನ್ನೂ ಅದು ಬೆನ್ನಟ್ಟಿ ಓಡಿಸುತ್ತದೆ. ಹೊಳೆಯುವ ಪಟ್ಟಿ, ಹಳೆಯ ಸಿ.ಡಿ. ತೂಗುಬಿಡುವ ಉಪಾಯಕ್ಕೆ ಹಕ್ಕಿಗಳು ಬೇಗನೆ ಒಗ್ಗಿಕೊಳ್ಳುತ್ತವೆ.

ಪ್ರಶ್ನೆ: ಬಿಟ್ಟು ಸಾಕಲು ಗಿರಿರಾಜ ತಳಿಯ ಕೋಳಿ ತರಬೇಕೆಂದಿದ್ದೇವೆ. ಕಾಡಂಚಿಗೆ ಅದು ಸರಿಯೇ? (ಯಲ್ಲಾಪುರದಿಂದ)

ಉತ್ತರ: ಬೆಂಗಳೂರಿನಲ್ಲಿ ರೂಪುಗೊಂಡ ಈ ತಳಿಯ ಬಣ್ಣದ ಪುಕ್ಕ ಬಿಳಿ ಕೋಳಿಯಂತೆ ದೂರಕ್ಕೆ ಎದ್ದು ಕಾಣದಿರುವುದು ಒಂದು ಅನುಕೂಲ. ಆದರೆ ಮೈತೂಕ ಹೆಚ್ಚಾದ್ದರಿಂದ ನಾಟಿಕೋಳಿಯ ಹಾಗೆ ಹಾರಿ ಕೊಂಬೆ ಸೇರಲು ಅದಕ್ಕೆ ಕಷ್ಟ. ಬೆಂಗಳೂರಿನಲ್ಲೇ ರೂಪುಗೊಂಡ ಸ್ವರ್ಣಧಾರಾ ತಳಿ ಗಿರಿರಾಜಕ್ಕಿಂತ ಹಗುರವಾಗಿದ್ದು ತಪ್ಪಿಸಿಕೊಳ್ಳುವುದರಲ್ಲಿ ಮೇಲು. ಕಾಡಿಗೆ ತೀರ ಹತ್ತಿರವಿದ್ದರೆ ನಾಟಿಯನ್ನೇ ಸಾಕಿ ಎಂಬುದು ನಮ್ಮ ಸಲಹೆ.

ಪ್ರಶ್ನೆ: ಸಿದ್ದಾಪುರ ತಾಲ್ಲೂಕಿನ ನಮ್ಮ ಮನೆಯಲ್ಲಿ ಮೊಟ್ಟೆಗಳು ಚಿಪ್ಪಿನ ಚೂರೂ ಇಲ್ಲದೆ ಮಾಯವಾಗುತ್ತಿವೆ. ಒಂದು ಹೇಂಟೆ ಗಾಯವಿಲ್ಲದೆ, ತಲೆ ಮತ್ತು ಕುತ್ತಿಗೆ ಒದ್ದೆಯಾಗಿ ಸತ್ತಿತ್ತು. ಏನಿದು?

ಉತ್ತರ: ಹಾವು. ಮೊಟ್ಟೆಯನ್ನು ಇಡಿಯಾಗಿ ನುಂಗುವುದರಿಂದ ಚಿಪ್ಪು ಉಳಿಯುವುದಿಲ್ಲ. ಹೇಂಟೆಯನ್ನು ಹೆಬ್ಬಾವು ಸುತ್ತಿ ಕೊಂದು, ನುಂಗಲಾರದೆ ಬಿಟ್ಟಿರಬೇಕು. ಸಂಜೆಯೊಳಗೆ ಮೊಟ್ಟೆ ತೆಗೆಯಿರಿ, ಗೂಡಿಗೆ ತಾಗಿದ ಸೌದೆ ಮತ್ತು ಸೊಪ್ಪಿನ ರಾಶಿಯನ್ನು ದೂರ ಸರಿಸಿ, ಚೆಲ್ಲಿದ ಕಾಳನ್ನು ಗುಡಿಸಿ ಇಲಿ ಸೇರದಂತೆ ನೋಡಿಕೊಳ್ಳಿ, ಏಕೆಂದರೆ ಇಲಿಯ ಬೆನ್ನಿಗೇ ಹಾವು ಬರುತ್ತದೆ. ಕೋಳಿ ನುಂಗಿದ ಹೆಬ್ಬಾವು ಒಳಬಂದ ಸಂದಿನಲ್ಲೇ ಹೊರಹೋಗಲಾಗದೆ ಗೂಡಿನಲ್ಲಿಯೇ ಸುರುಳಿ ಸುತ್ತಿಕೊಂಡಿರುವುದುಂಟು. ಹಾಗೆ ಕಂಡರೆ ಹೊಡೆಯಬೇಡಿ, ಎಳೆಯಲೂ ಬೇಡಿ. ಉಳಿದ ಕೋಳಿಗಳನ್ನು ಹೊರಬಿಟ್ಟು ಬಾಗಿಲು ಹಾಕಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ನಿಮ್ಮ ವಲಯ ಅರಣ್ಯ ಕಚೇರಿಗೆ ತಿಳಿಸಿ.