ಕೈಗವಸು ತೊಟ್ಟರೆ ಸಾಕೇ?

ಪ್ರಶ್ನೆ: ನಾನು ಚಿಕ್ಕಮಗಳೂರಿನ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ಶುಶ್ರೂಷಕಿ. ಘಾಟಿಯಲ್ಲಿ ಅಪಘಾತವಾಗಿ ಹಲವು ಗಾಯಾಳುಗಳು ಒಮ್ಮೆಲೇ ಬಂದಾಗ, ನಿಯಮ ಗೊತ್ತಿದ್ದರೂ, ತೊಟ್ಟ ಕೈಗವಸಿಗೇ ಸ್ಯಾನಿಟೈಸರ್ ಹಚ್ಚಿಕೊಂಡು ಮುಂದಿನ ರೋಗಿಯ ಬಳಿಗೆ ಹೋಗುತ್ತೇವೆ. ಇದು ಸರಿಯೇ? ಸೂಜಿ ಚುಚ್ಚಿಕೊಂಡರೆ ಏನು ಮಾಡಬೇಕು?

ಉತ್ತರ: ಸರಿಯಲ್ಲ. ಕೈಗವಸಿನಲ್ಲಿ ಕಣ್ಣಿಗೆ ಕಾಣದ ತೂತುಗಳಿರಬಹುದು, ಕಳಚುವಾಗ ರಕ್ತ ಮಣಿಕಟ್ಟಿಗೆ ತಗಲುವುದೂ ಉಂಟು; ಆದ್ದರಿಂದ ಪ್ರತಿ ರೋಗಿಗೂ ಹೊಸ ಜೊತೆ ತೊಟ್ಟು, ಕಳಚಿದ ಮೇಲೆ 20ರಿಂದ 30 ಸೆಕೆಂಡು ಸ್ಯಾನಿಟೈಸರ್‌ನಿಂದ ಕೈ ಉಜ್ಜಿಕೊಳ್ಳಬೇಕು. ಕೈಗೆ ರಕ್ತ ಮೆತ್ತಿದ್ದರೆ ಸೋಪು, ನೀರೇ ಬೇಕು. ಗಡಿಬಿಡಿಯಲ್ಲಿ ತಪ್ಪಿಹೋಗುವುದು ಹೆಚ್ಚಾಗಿ ಕೆಲಸಕ್ಕೆ ಮುಂಚಿನ ಶುಚಿ: ಟ್ರಾಲಿಯ ಕಂಬಿ ಹಿಡಿದ ಕೈಯಲ್ಲೇ ಕ್ಯಾನುಲಾ (ರಕ್ತನಾಳಕ್ಕೆ ತೂರಿಸುವ ಸಣ್ಣ ಕೊಳವೆ) ಹಾಕಿದರೆ ರೋಗಾಣು ನೇರವಾಗಿ ರಕ್ತನಾಳ ಸೇರಬಹುದು. ಇದನ್ನು ಶುಶ್ರೂಷಕಿಯರ ಅಸಡ್ಡೆಯೆಂದು ನಾನು ಒಪ್ಪಲಾರೆ. ಸಿಂಕ್ ವಾರ್ಡಿನ ಆ ತುದಿಯಲ್ಲಿದ್ದರೆ ತರಬೇತಿಯೊಂದೇ ಸಾಲದು, ಪ್ರತಿ ಟ್ರಾಲಿಗೂ ಸ್ಯಾನಿಟೈಸರ್ ಬಾಟಲಿ ಒದಗಿಸುವುದು ಆಡಳಿತದ ಹೊಣೆ.

ಸೂಜಿ ಚುಚ್ಚಿದರೆ ಗಾಯವನ್ನು ಹಿಂಡಬೇಡಿ, ಬೆರಳನ್ನು ಬಾಯಿಗಿಡಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ಕೂಡಲೇ ಕರ್ತವ್ಯದಲ್ಲಿರುವ ವೈದ್ಯರಿಗೆ ತಿಳಿಸಿ. ಎಚ್‌ಐವಿ ತಡೆಯುವ ಔಷಧಿ ಬೇಕೆಂದು ಅವರು ನಿರ್ಧರಿಸಿದರೆ ಅದನ್ನು ಸಾಧ್ಯವಾದರೆ 2 ಗಂಟೆಯೊಳಗೆ, ತಡವಾದರೂ 72 ಗಂಟೆ ಮೀರದಂತೆ ಆರಂಭಿಸಿ, 28 ದಿನ ಬಿಡದೆ ಸೇವಿಸಬೇಕು. ಹೆಪಟೈಟಿಸ್ ಬಿ (ರಕ್ತದಿಂದಲೂ ಹರಡುವ ಯಕೃತ್ತಿನ ಸೋಂಕು) ಲಸಿಕೆಯ ಮೂರು ಡೋಸ್ ಮುಗಿಸಿಲ್ಲದಿದ್ದರೆ ದಯವಿಟ್ಟು ಈ ವಾರವೇ ವಿಚಾರಿಸಿ. ಬಳಸಿದ ಸೂಜಿಗೆ ಮುಚ್ಚಳ ಹಾಕಲು ಹೋಗದೆ, ಬಳಸಿದವರೇ ಅದನ್ನು, ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ ಹಾಕಬೇಕು.