ಏಳು ವರ್ಷ ಕಾದರೆ ಸಾಲ ಹೋಗುತ್ತಾ?

ಮೇರಿಲ್ಯಾಂಡ್‌ನ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ, ಹಾಕುವುದಿಲ್ಲ. ಅವರಿಗೆ ಅಮೆರಿಕದ ಪೌರತ್ವ ಸಿಕ್ಕಿದೆ. ರಕ್ಷಣಾ ಇಲಾಖೆಯ ಗುತ್ತಿಗೆ ಹಿಡಿದ ಕಂಪನಿಯೊಂದು ನೌಕರಿ ಕೊಡಲು ತಯಾರಿದೆ, ಸೆಕ್ಯುರಿಟಿ ಕ್ಲಿಯರೆನ್ಸ್ (ಸರ್ಕಾರದ ಗುಟ್ಟಿನ ಮಾಹಿತಿ ನೋಡಲು ಕೊಡುವ ಅನುಮತಿ) ಆದರೆ ಮಾತ್ರ. ಹಿಂದೆ ಕೆಲಸ ಹೋದಾಗ ಎರಡು ಕ್ರೆಡಿಟ್ ಕಾರ್ಡಿನ ಬಾಕಿ ನಿಂತುಹೋಗಿದೆ, ಸುಮಾರು 18 ಸಾವಿರ ಡಾಲರ್. ಊರಿನ ಬ್ಯಾಂಕಿನಲ್ಲಿ ಮಾಡಿದ ಶಿಕ್ಷಣ ಸಾಲದ ಕಂತೂ ನಿಂತಿದೆ, ಅದಕ್ಕೆ ಅಪ್ಪನ ಜಾಮೀನು. “ಇನ್ನೊಂದು ವರ್ಷ ಸುಮ್ನಿರು, ಏಳು ವರ್ಷ ತುಂಬಿದರೆ ಕಾರ್ಡಿನ ಬಾಕಿ ನಿನ್ನ ಸಾಲಗಳ ದಾಖಲೆಯಾದ ಕ್ರೆಡಿಟ್ ರಿಪೋರ್ಟಿನಿಂದ ತಾನಾಗೇ ಹೋಗುತ್ತೆ, ಊರಿನ ಸಾಲ ಇಲ್ಲಿ ಯಾರಿಗೂ ಕಾಣಲ್ಲ ಅಂತಾರೆ ಸ್ನೇಹಿತರು. ನಿಜವೇ?” ಎಂದು ಕೇಳಿದ್ದಾರೆ.

ಆ ಸ್ನೇಹಿತರ ಮಾತು ಕೇಳಬೇಡಿ. ರಿಪೋರ್ಟಿನಿಂದ ಸಾಲ ಮಾಯವಾಗುವುದೂ ಸಾಲ ತೀರುವುದೂ ಒಂದೇ ಅಲ್ಲ. ಕಂಪನಿ ನೌಕರರ ಇಂಥ ಪ್ರಕರಣಗಳನ್ನು ರಕ್ಷಣಾ ಇಲಾಖೆಯ ‘ಡೋಹಾ’ ಎಂಬ ಕಚೇರಿಯ ನ್ಯಾಯಾಧೀಶರು ವಿಚಾರಿಸುತ್ತಾರೆ. ಅರ್ಜಿದಾರರ ಹೆಸರು ಅಳಿಸಿ ತೀರ್ಪುಗಳನ್ನು ಪ್ರಕಟಿಸುತ್ತಾರೆ, ಬಿಡುವಾದಾಗ ಒಂದೆರಡು ಓದಿ. ಕೋರ್ಟಿನಲ್ಲಿ ವಸೂಲಿ ಮಾಡುವ ಅವಧಿ ಮೀರಿದ ಸಾಲವಾದರೂ ಅವರು ಕೇಳುವುದು ಒಂದೇ: ನೀನು ಏನು ಮಾಡಿದೆ?

ಇಷ್ಟು ಬಿಗಿ ಯಾಕೆ ಅಂದರೆ ಕಹಿ ಅನುಭವವಿದೆ. ರೊನಾಲ್ಡ್ ಪೆಲ್ಟನ್ ಎಂಬಾತ ಅಮೆರಿಕದ ಬೇಹುಗಾರಿಕೆ ಸಂಸ್ಥೆ ಎನ್‌ಎಸ್‌ಎ ನೌಕರಿ ಬಿಟ್ಟಿದ್ದ, ದಿವಾಳಿಯೆದ್ದಿದ್ದ. 1980ರಲ್ಲಿ ನೇರವಾಗಿ ಸೋವಿಯತ್ ರಾಯಭಾರ ಕಚೇರಿಗೆ ಹೋಗಿ ತಲೆಯಲ್ಲಿದ್ದ ಗುಟ್ಟುಗಳನ್ನೇ ಮಾರಿದ. ಸಿಐಎಯ ಆಲ್ಡ್ರಿಚ್ ಏಮ್ಸ್ 1985ರಲ್ಲಿ ಸೋವಿಯತ್ತರಿಂದ ಮೊದಲ ಕಂತಿನ 50 ಸಾವಿರ ಡಾಲರ್ ತೆಗೆದುಕೊಂಡಾಗಲೂ ಕುತ್ತಿಗೆವರೆಗೆ ಸಾಲವಿತ್ತು. ಸಾಲಗಾರರೆಲ್ಲ ದೇಶದ್ರೋಹಿಗಳು ಎಂದು ಯಾರೂ ಹೇಳುತ್ತಿಲ್ಲ. ಆದರೆ ಅನುಮಾನ ಉಳಿದರೆ ಅದರ ಲಾಭ ದೇಶಕ್ಕೆ, ಅರ್ಜಿದಾರನಿಗಲ್ಲ. ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲ ಎಂದು 1988ರಲ್ಲೇ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ.

ಈಗ ಸಮಾಧಾನದ ಮಾತು. ಕ್ಲಿಯರೆನ್ಸ್ ಕೊಡಬೇಕೇ ಬೇಡವೇ ಎಂದು ತೀರ್ಮಾನಿಸಲು 2017ರಿಂದ ಜಾರಿಯಲ್ಲಿರುವ 13 ಮಾರ್ಗಸೂಚಿಗಳಲ್ಲಿ ಹಣಕಾಸಿನದು ‘ಎಫ್’. ಕೆಲಸ ಹೋಗುವುದು, ಕಾಯಿಲೆ, ವಿಚ್ಛೇದನ, ಮನೆಯಲ್ಲಿ ಸಾವು, ಇಂಥ ಕೈಮೀರಿದ ಕಾರಣಗಳನ್ನು ಅದೇ ಒಪ್ಪುತ್ತದೆ. ಆದರೆ ಒಂದು ಷರತ್ತು: ಆ ಕಷ್ಟದಲ್ಲೂ ನೀವು ಜವಾಬ್ದಾರಿಯಿಂದ ನಡೆದುಕೊಂಡಿರಬೇಕು. ಪೂರ್ತಿ ಸಾಲ ತೀರಿರಲೇಬೇಕು ಎಂದಿಲ್ಲ. ನಂಬುವಂಥ ಒಂದು ಯೋಜನೆ ಬೇಕು, ಅದರಂತೆ ಹಣ ಕಟ್ಟಿದ ರುಜುವಾತು ಬೇಕು. ಬಾಕಿ ವಸೂಲಿ ಮಾಡುವ ಕಲೆಕ್ಷನ್ ಏಜೆನ್ಸಿ ಜೊತೆ ತಿಂಗಳಿಗೆ 200 ಡಾಲರ್ ಎಂದು ಮಾತಾಡಿಕೊಂಡರೆ ಅದನ್ನು ಬರಹದಲ್ಲಿ ತೆಗೆದುಕೊಳ್ಳಿ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಆ 200 ಡಾಲರ್ ತಿಂಗಳು ತಿಂಗಳು ಕಾಣಬೇಕು. ಸರ್ಕಾರದ ನೋಟಿಸ್ ಬಂದ ಮೇಲೆ ಗಡಿಬಿಡಿಯಲ್ಲಿ ಕಟ್ಟಿದ ದುಡ್ಡಿಗೆ ಅಷ್ಟು ಬೆಲೆಯಿಲ್ಲ. ನನ್ನ ಕೇಳಿದರೆ, ಇವತ್ತೇ ಫೋನ್ ಮಾಡಿ.

ಇನ್ನು ಎಸ್‌ಎಫ್-86 ಎಂಬ ಕ್ಲಿಯರೆನ್ಸ್ ಅರ್ಜಿ. ಅದರ 26ನೇ ಭಾಗದಲ್ಲಿ ಏಳು ವರ್ಷದ ಹಣಕಾಸಿನ ಜಾತಕವನ್ನೇ ಕೇಳುತ್ತಾರೆ: ದಿವಾಳಿ, ಕಟ್ಟದ ತೆರಿಗೆ, ಕಲೆಕ್ಷನ್‌ಗೆ ಹೋದ ಖಾತೆ, 120 ದಿನಕ್ಕಿಂತ ಹೆಚ್ಚು ಬಾಕಿ ನಿಂತ ಸಾಲ. ಸಾಲ ಅಮೆರಿಕದ್ದೇ ಆಗಿರಬೇಕು ಎಂದು ಅಲ್ಲಿಲ್ಲ. ಊರಿನ ಸಾಲವನ್ನೂ ಬರೆಯಿರಿ. ಬೇಕೆಂದೇ ಮುಚ್ಚಿಟ್ಟರೆ ಅದು ಹಣದ ವಿಷಯವಾಗಿ ಉಳಿಯುವುದಿಲ್ಲ, ನಡತೆಯ ವಿಷಯವಾಗುತ್ತದೆ. ಫೆಡರಲ್ ಅಪರಾಧ ಕೂಡ, ಐದು ವರ್ಷದವರೆಗೆ ಜೈಲು ಆಗಬಹುದು. ಸಾಲಕ್ಕೆ ವಿವರಣೆ ಕೊಡಬಹುದು, ಸುಳ್ಳಿಗೆ ಏನು ಕೊಡುತ್ತೀರಿ?

ಊರಿನ ಸಾಲದ ಬಗ್ಗೆ ಇನ್ನೊಂದು ಮಾತು. ಬ್ಯಾಂಕಿನವರು ನಿಮ್ಮನ್ನು ಬಿಟ್ಟು ಅಪ್ಪನ ಬಾಗಿಲು ತಟ್ಟುತ್ತಾರೆ, ಅಲ್ವಾ? ಹೊರದೇಶದಲ್ಲಿರುವ ಮನೆಯವರ ಮೂಲಕ ನಿಮ್ಮ ಮೇಲೆ ಒತ್ತಡ ಬೀಳಬಹುದೇ ಎಂದು ನೋಡಲು ಬೇರೆ ಮಾರ್ಗಸೂಚಿಯೇ ಇದೆ. ಹಾಗಾಗಿ ನಾನಾದರೆ ಮೊದಲು ಆ ಬ್ಯಾಂಕಿನ ಮ್ಯಾನೇಜರ್ ಜೊತೆ ಮಾತಾಡಿ ಕಂತು ಮತ್ತೆ ಶುರು ಮಾಡುತ್ತೇನೆ. ಕ್ಲಿಯರೆನ್ಸ್ ಸಿಗದಿದ್ದರೂ ಅಪ್ಪನಿಗಾದರೂ ನೆಮ್ಮದಿ.

ಇಷ್ಟಾದರೂ ಸರ್ಕಾರ ತಕರಾರು ಎತ್ತಿ, ಕ್ಲಿಯರೆನ್ಸ್ ಯಾಕೆ ಕೊಡಬಾರದು ಎಂದು ಕಾರಣ ಪಟ್ಟಿ ಮಾಡಿದ ‘ಸ್ಟೇಟ್‌ಮೆಂಟ್ ಆಫ್ ರೀಸನ್ಸ್’ ಕಳಿಸಿದರೆ ಉತ್ತರಕ್ಕೆ 20 ದಿನವಷ್ಟೇ. ಪ್ರತಿ ಆರೋಪಕ್ಕೂ ಒಪ್ಪುತ್ತೇನೆ, ಇಲ್ಲ ಎಂದು ಬೇರೆಬೇರೆಯಾಗಿ ಬರೆಯಬೇಕು. ಕಾಗದ ನೋಡಿಯೇ ತೀರ್ಮಾನಿಸಿ ಎನ್ನಬಹುದು, ಇಲ್ಲವೇ ವಿಚಾರಣೆ ಕೇಳಬಹುದು. ವಿಚಾರಣೆಯನ್ನೇ ಕೇಳಿ. ಖರ್ಚಾದರೂ ಪರವಾಗಿಲ್ಲ, ಈ ಕೆಲಸದಲ್ಲಿ ಪಳಗಿದ ವಕೀಲರನ್ನು ಆ ಹೊತ್ತಿಗೆ ಹಿಡಿದಿರಿ. ನಾನು ಬರೀ ಸಂಪಾದಕ.